ಕಂಪ್ಯೂಟರ್ ಲೆಕ್ಕದಲ್ಲಿ ತಾರೀಖು ಬರೆಯುವ ಕ್ರಮ

ಲೆಕ್ಕಕ್ಕೆ ಮೊದಲು ತಾರೀಖು, ಆಮೇಲೆ ಬಾಬು, ಕೊನೆಗೆ ಮೊಬಲಗು. ಕಿರ್ದಿ ಪುಸ್ತಕ ಬರೆದ ಹಿರಿಯರು ಈ ಕ್ರಮವನ್ನು ಎಂದೂ ತಪ್ಪಿಸಲಿಲ್ಲ. ತಾರೀಖಿಲ್ಲದ ಜಮೆ ಜಮೆಯಲ್ಲ, ತಾರೀಖಿಲ್ಲದ ಸಾಲ ಸಾಲವಲ್ಲ ಎಂಬುದು ಅವರಿಗೆ ತಿಳಿದಿತ್ತು. ಈಗ ನಮ್ಮ ಹಾಲು ಉತ್ಪಾದಕರ ಸಂಘಗಳಲ್ಲಿಯೂ ಸ್ವಸಹಾಯ ಸಂಘಗಳಲ್ಲಿಯೂ ಲೆಕ್ಕವನ್ನು ಕಂಪ್ಯೂಟರಿನ ಕೋಷ್ಟಕದ ಹಾಳೆಯಲ್ಲಿ ಬರೆಯುವವರು ಅನೇಕರಿದ್ದಾರೆ. ಕೆಲವರು ಎಕ್ಸೆಲ್ ಬಳಸುತ್ತಾರೆ, ಕೆಲವರು ಗೂಗಲ್ ಶೀಟ್ಸ್, ಇನ್ನು ಕೆಲವರು ಲಿಬ್ರೆ ಆಫೀಸ್ ಕ್ಯಾಲ್ಕ್. ಕೂಡುವುದು, ಕಳೆಯುವುದು, ಬಡ್ಡಿ ತೆಗೆಯುವುದು, ಎಲ್ಲವನ್ನೂ ಯಂತ್ರ ಕ್ಷಣಮಾತ್ರದಲ್ಲಿ ಮಾಡಿಕೊಡುವುದು. ಇದರಿಂದ ಬಹಳ ಅನುಕೂಲವಾಗಿದೆ.

ಆದರೆ ಈ ಹಾಳೆಯಲ್ಲಿ ಹಣದ ಅಂಕಿ ತಪ್ಪುವುದಕ್ಕಿಂತ ತಾರೀಖು ತಪ್ಪುವುದು ಹೆಚ್ಚು. ಹಣದ ಅಂಕಿ ತಪ್ಪಿದರೆ ಮೊತ್ತ ತಾಳೆಯಾಗುವುದಿಲ್ಲ. ಅದೇ ದಿನ ಗೊತ್ತಾಗುತ್ತದೆ. ತಾರೀಖು ತಪ್ಪಿದರೆ ಮೊತ್ತ ತಾಳೆಯಾಗಿಯೇ ಇರುತ್ತದೆ. ತಪ್ಪು ಸದ್ದಿಲ್ಲದೆ ಹಾಳೆಯೊಳಗೆ ಕುಳಿತಿದ್ದು, ಬಡ್ಡಿ ಕಟ್ಟುವ ದಿನವೋ ಹಸು ಕರು ಹಾಕುವ ದಿನವೋ ಹೊರಬೀಳುತ್ತದೆ. ಆದಕಾರಣ ಯಂತ್ರವು ತಾರೀಖನ್ನು ಹೇಗೆ ತಿಳಿದುಕೊಳ್ಳುತ್ತದೆ, ಎಲ್ಲಿ ಮೋಸ ಹೋಗುತ್ತದೆ, ನಾವು ಹೇಗೆ ಎಚ್ಚರದಿಂದಿರಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ. ಕಂಪ್ಯೂಟರಿನಲ್ಲಿ ಅಕ್ಷರ ಒತ್ತಲು ಬಂದರೆ ಸಾಕು, ಇದು ಅರ್ಥವಾಗುವುದು.

ಒಂದೇ ಬರಹ, ಎರಡು ದಿನ

2/7/2025 ಎಂದು ಬರೆದರೆ ಅದು ಯಾವ ದಿನ? ಜುಲೈ ಎರಡು ಎಂದು ನೀವು ಹೇಳುವಿರಿ. ನಮ್ಮ ರೂಢಿಯಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಕಡೆಗೆ ವರ್ಷ. ಇಂಗ್ಲೆಂಡಿನಲ್ಲಿಯೂ ಇದೇ ರೂಢಿ. ಅಮೆರಿಕಾದವರು ಹಾಗೆ ಬರೆಯುವುದಿಲ್ಲ. ಮಾತಿನಲ್ಲಿ ಅವರು ಮೊದಲು ತಿಂಗಳ ಹೆಸರನ್ನೂ ಅನಂತರ ದಿನವನ್ನೂ ಹೇಳುವರು. ಅಂಕಿಯಲ್ಲಿ ಬರೆಯುವಾಗಲೂ ಅದೇ ವರಸೆ. ಆದುದರಿಂದ ಅವರಿಗೆ 2/7/2025 ಎಂದರೆ ಫೆಬ್ರವರಿ ಏಳು. ಜಪಾನ್, ಚೀನಾ ದೇಶಗಳಲ್ಲಿ ವರ್ಷವೇ ಮೊದಲು.

ಮನುಷ್ಯ ಬರೆದು ಮನುಷ್ಯ ಓದುವಾಗ ಇದರಿಂದ ತೊಂದರೆಯಿಲ್ಲ. ಓದುವವನಿಗೆ ಬರೆದವನು ಯಾವ ಊರಿನವನೆಂದು ಗೊತ್ತಿರುತ್ತದೆ. ಯಂತ್ರಕ್ಕೆ ಅದು ಗೊತ್ತಿಲ್ಲ. ತನಗೆ ಯಾವ ದೇಶದ ರೂಢಿಯನ್ನು ಹೇಳಿಕೊಟ್ಟಿದೆಯೋ ಆ ರೂಢಿಯಂತೆ ಓದುವುದು ಅದರ ಸ್ವಭಾವ. ನಮ್ಮಲ್ಲಿಗೆ ಬರುವ ಕಂಪ್ಯೂಟರುಗಳಲ್ಲಿ ಕೆಲವು ಅಮೆರಿಕಾ ರೂಢಿಯಲ್ಲಿಯೇ ಉಳಿದಿರುತ್ತವೆ. ಅಣಿಮಾಡಿಕೊಟ್ಟವರು ಅದನ್ನು ಬದಲಾಯಿಸದೆ ಬಿಟ್ಟಿದ್ದರೆ, ನೀವು ಜುಲೈ ಎಂದುಕೊಂಡು ಬರೆದದ್ದನ್ನು ಅದು ಫೆಬ್ರವರಿ ಎಂದು ಇಟ್ಟುಕೊಳ್ಳುವುದು.

ಯಂತ್ರ ತಾರೀಖನ್ನು ಹೇಗೆ ಇಟ್ಟುಕೊಳ್ಳುತ್ತದೆ?

ಇದು ಈ ಪಾಠದ ಮುಖ್ಯ ವಿಷಯ, ನಿಧಾನವಾಗಿ ಓದಿ. ಹಾಳೆಯ ಚೌಕದಲ್ಲಿ ನೀವು ತಾರೀಖು ಬರೆದಾಗ ಯಂತ್ರವು ಅದನ್ನು ಬರಹವಾಗಿ ಇಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಎಣಿಕೆಯನ್ನಾಗಿ ಮಾಡಿಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ 1900ನೆಯ ಇಸವಿ ಜನವರಿ 1ನೆಯ ತಾರೀಖು ಒಂದನೆಯ ದಿನ. ಅಲ್ಲಿಂದ ದಿನಕ್ಕೆ ಒಂದರಂತೆ ಎಣಿಕೆ ಬೆಳೆಯುತ್ತದೆ. ಆ ಲೆಕ್ಕದಲ್ಲಿ ನಮ್ಮ ದೇಶ ಸ್ವತಂತ್ರವಾದ 1947ರ ಆಗಸ್ಟ್ 15 ಎಂದರೆ 17394. ಕನ್ನಡ ನಾಡು ಒಂದಾದ 1956ರ ನವೆಂಬರ್ 1 ಎಂದರೆ 20760. 2025ರ ಜನವರಿ 1 ಎಂದರೆ 45658. ಗೂಗಲ್ ಶೀಟ್ಸ್ ಮತ್ತು ಕ್ಯಾಲ್ಕ್‌ನಲ್ಲಿಯೂ ಈ ತಾರೀಖುಗಳಿಗೆ ಇದೇ ಎಣಿಕೆ ಬರುವುದು.

ಚೌಕದ ಮೇಲೆ ನಿಮಗೆ ಕಾಣುವ 02-07-2025 ಎಂಬುದು ಆ ಎಣಿಕೆಗೆ ತೊಡಿಸಿದ ಉಡುಪು ಮಾತ್ರ. ಅದೇ ಎಣಿಕೆಯನ್ನು 2-ಜುಲೈ-2025 ಎಂದೂ ತೋರಿಸಬಹುದು, 2025-07-02 ಎಂದೂ ತೋರಿಸಬಹುದು, ಬರೀ ಬುಧವಾರ ಎಂದೂ ತೋರಿಸಬಹುದು. ಉಡುಪು ಬದಲಾಯಿಸಿದರೆ ಒಳಗಿನ ಎಣಿಕೆ ಬದಲಾಗುವುದಿಲ್ಲ. ಉಡುಪನ್ನು ಇಂಗ್ಲಿಷಿನಲ್ಲಿ ಫಾರ್ಮ್ಯಾಟ್ ಎನ್ನುತ್ತಾರೆ. ಒಳಗಿನ ಎಣಿಕೆ ಸರಿಯಿದೆಯೇ ಎಂಬುದು ಒಂದು ಪ್ರಶ್ನೆ, ಮೇಲಿನ ಉಡುಪು ಹೇಗಿದೆ ಎಂಬುದು ಬೇರೊಂದು ಪ್ರಶ್ನೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಮುಕ್ಕಾಲು ಪಾಲು ತಪ್ಪುಗಳು ಆಗುತ್ತವೆ.

ಎಣಿಕೆಯಾಗಿ ಇಟ್ಟುಕೊಳ್ಳುವುದರಿಂದ ದೊಡ್ಡ ಲಾಭ ಉಂಟು. ಎರಡು ತಾರೀಖುಗಳ ನಡುವೆ ಎಷ್ಟು ದಿನವೆಂದು ಬೆರಳು ಮಡಿಸಿ ಎಣಿಸಬೇಕಾಗಿಲ್ಲ. ಒಂದರಿಂದ ಇನ್ನೊಂದನ್ನು ಕಳೆದರಾಯಿತು. ಒಂದು ತಾರೀಖಿಗೆ 280 ದಿನ ಕೂಡಿಸಬೇಕಾದರೆ 280 ಎಂದು ಕೂಡಿಸಿದರಾಯಿತು. ತಿಂಗಳಿಗೆ 30 ದಿನವೋ 31 ದಿನವೋ, ಅಧಿಕ ವರ್ಷವೋ ಅಲ್ಲವೋ ಎಂಬ ಚಿಂತೆಯನ್ನು ಯಂತ್ರವೇ ವಹಿಸಿಕೊಳ್ಳುವುದು.

ಮೂರು ಬಗೆಯ ಗತಿ

ಅಮೆರಿಕಾ ರೂಢಿಯಲ್ಲಿರುವ ಎಕ್ಸೆಲ್‌ನಲ್ಲಿ ನಮ್ಮ ರೂಢಿಯಂತೆ ತಾರೀಖು ಬರೆದರೆ ಏನಾಗುವುದು? ಮೂರು ಗತಿಗಳುಂಟು.

ಮೊದಲನೆಯದು: 25/7/2025 ಎಂದು ಬರೆದಿರಿ. ಇಪ್ಪತ್ತೈದನೆಯ ತಿಂಗಳು ಇಲ್ಲ. ಯಂತ್ರ ಅದನ್ನು ತಾರೀಖೆಂದು ಒಪ್ಪದೆ ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ನೋಡುವುದಕ್ಕೆ ತಾರೀಖಿನಂತೆಯೇ ಇರುತ್ತದೆ. ಒಳಗೆ ಎಣಿಕೆ ಇರುವುದಿಲ್ಲ. ಅದನ್ನು ಕಳೆಯಹೋದರೆ ಯಂತ್ರ ತಪ್ಪೆಂದು ತೋರಿಸುತ್ತದೆ. ಇದು ಕೂಗಿ ಹೇಳುವ ತಪ್ಪು, ಆದ್ದರಿಂದ ಅಪಾಯ ಕಡಿಮೆ.

ಎರಡನೆಯದು: 2/7/2025 ಎಂದು ಬರೆದಿರಿ. ಯಂತ್ರ ಅದನ್ನು ಸಂತೋಷದಿಂದ ಒಪ್ಪಿಕೊಂಡು ಫೆಬ್ರವರಿ 7ರ ಎಣಿಕೆಯನ್ನು ಇಟ್ಟುಕೊಳ್ಳುತ್ತದೆ. ತೋರಿಸುವಾಗ ಮಾತ್ರ ಅಮೆರಿಕಾ ರೂಢಿಯಂತೆ 2/7/2025 ಎಂದೇ ತೋರಿಸುತ್ತದೆ. ನೀವು ಬರೆದದ್ದೂ ಅದೇ, ಕಾಣುವುದೂ ಅದೇ, ಒಳಗಿರುವುದು ಬೇರೆ. ಇದು ಬಾಯಿಬಿಡದ ತಪ್ಪು.

ಮೂರನೆಯದು: 10/10/2025 ಎಂದು ಬರೆದಿರಿ. ದಿನ, ತಿಂಗಳು ಎರಡೂ ಒಂದೇ ಅಂಕಿಯಾದ್ದರಿಂದ ಹೇಗೆ ಓದಿದರೂ ಸರಿ.

ಇವು ಎಷ್ಟೆಷ್ಟು ಎಂದು ಲೆಕ್ಕ ಹಾಕಿ ನೋಡಿ. ಪ್ರತಿ ತಿಂಗಳಿನ ಮೊದಲ 12 ದಿನಗಳನ್ನು ಯಂತ್ರ ತಿಂಗಳೆಂದು ತಿಳಿಯಬಲ್ಲದು. ಹನ್ನೆರಡು ತಿಂಗಳಿಗೆ ಅಂಥ ದಿನಗಳು 144. ಅವುಗಳಲ್ಲಿ 1/1, 2/2, 3/3 ಹೀಗೆ 12 ದಿನಗಳು ನಿರಪಾಯ. ಉಳಿದ 132 ದಿನಗಳು ಸದ್ದಿಲ್ಲದೆ ಅದಲುಬದಲಾಗುತ್ತವೆ. ವರ್ಷದ ಮಿಕ್ಕ 221 ದಿನಗಳು ಅಕ್ಷರವಾಗಿ ಉಳಿಯುತ್ತವೆ. ಅಂದರೆ ವರ್ಷದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದಿನಗಳು ನಮ್ಮನ್ನು ಸುಮ್ಮನೆ ಮೋಸಗೊಳಿಸಬಲ್ಲವು.

ಬಡ್ಡಿಯಲ್ಲಿ ಆಗುವ ಅನ್ಯಾಯ

ಒಂದು ಸ್ವಸಹಾಯ ಸಂಘದ ಸದಸ್ಯೆ ಜುಲೈ 2ರಂದು 20,000 ರೂಪಾಯಿ ಸಾಲ ಪಡೆದು, ಅಕ್ಟೋಬರ್ 10ರಂದು ತೀರಿಸಿದಳೆಂದು ಇಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಎಂದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ವಾಡಿಕೆ ಇದೆ ಎನ್ನೋಣ.

ಸರಿಯಾದ ಎಣಿಕೆಯಲ್ಲಿ ಅಕ್ಟೋಬರ್ 10 ಎಂದರೆ 45940, ಜುಲೈ 2 ಎಂದರೆ 45840. ಕಳೆದರೆ ಸರಿಯಾಗಿ 100 ದಿನ. ಬಡ್ಡಿ 658 ರೂಪಾಯಿ. ಜುಲೈ 2ನ್ನು ಯಂತ್ರ ಫೆಬ್ರವರಿ 7 ಎಂದು ತಿಳಿದಿದ್ದರೆ ಅದರ ಎಣಿಕೆ 45695. ಕಳೆದರೆ 245 ದಿನ. ಬಡ್ಡಿ 1,611 ರೂಪಾಯಿ. ಆ ತಾಯಿ 953 ರೂಪಾಯಿ ಹೆಚ್ಚು ಕೊಡಬೇಕಾಯಿತು. ಕೂಲಿ ಮಾಡಿ ಬದುಕುವವರಿಗೆ ಅದು ಸಣ್ಣ ಮೊತ್ತವೇನಲ್ಲ. ಕಂಪ್ಯೂಟರ್ ಹೇಳಿದೆ ಎಂದ ಮೇಲೆ ಎದುರಾಡಲು ಆಕೆಗೆ ಧೈರ್ಯ ಬರುವುದಿಲ್ಲ. ಲೆಕ್ಕ ಬರೆದವರ ಮನಸ್ಸಿನಲ್ಲಿ ಕಪಟವಿಲ್ಲ, ಸಂಘದಲ್ಲಿ ದ್ರೋಹವಿಲ್ಲ. ಆದರೂ ಅನ್ಯಾಯ ನಡೆದುಹೋಯಿತು. ಮತ್ತೊಬ್ಬರ ಲೆಕ್ಕದಲ್ಲಿ ಇದೇ ತಪ್ಪು ತಿರುಗುಮುರುಗಾಗಿ ಬಂದು ಸಂಘಕ್ಕೆ ನಷ್ಟವಾಗಬಹುದು.

ಕೊಟ್ಟಿಗೆಯಲ್ಲಿ ಆಗುವ ನಷ್ಟ

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಕರು ಹಾಕುವುದಕ್ಕೆ ಸುಮಾರು 60 ದಿನ ಮೊದಲು ಹಾಲು ಬತ್ತಿಸಿ ಹಸುವಿಗೆ ವಿಶ್ರಾಂತಿ ಕೊಡತಕ್ಕದ್ದು. ಗರ್ಭಧಾರಣೆ ಮಾಡಿಸಿದ ತಾರೀಖನ್ನು ಹಾಳೆಯಲ್ಲಿ ಬರೆದು, ಅದಕ್ಕೆ 280 ಕೂಡಿಸಿದರೆ ಕರು ಹಾಕುವ ದಿನವೂ, 220 ಕೂಡಿಸಿದರೆ ಬತ್ತಿಸುವ ದಿನವೂ ಸಿಗುತ್ತವೆ. ಬಹಳ ಉಪಯುಕ್ತವಾದ ಲೆಕ್ಕವಿದು. ಪ್ರತಿ ಸಂಘದಲ್ಲಿಯೂ ಇಡಬೇಕಾದದ್ದು.

2025ರ ಆಗಸ್ಟ್ 5ರಂದು ಗರ್ಭಧಾರಣೆ ಆದ ಹಸು 2026ರ ಮೇ 12ರ ಸುಮಾರಿಗೆ ಕರು ಹಾಕಬೇಕು. ಹಾಲು ಬತ್ತಿಸುವ ದಿನ ಮಾರ್ಚ್ 13. ಆದರೆ 5/8/2025 ಎಂಬುದನ್ನು ಯಂತ್ರ ಮೇ 8 ಎಂದು ತಿಳಿದಿದ್ದರೆ, ಕರು ಹಾಕುವುದು ಫೆಬ್ರವರಿ 12 ಎಂದೂ, ಬತ್ತಿಸುವುದು ಡಿಸೆಂಬರ್ 14 ಎಂದೂ ತೋರಿಸುವುದು. ಅದನ್ನು ನಂಬಿದ ರೈತ 89 ದಿನ ಮೊದಲೇ ಹಾಲು ಬಿಡಿಸುವನು. ದಿನಕ್ಕೆ ನಾಲ್ಕೇ ಲೀಟರ್ ಹಾಲು ಎಂದು ಹಿಡಿದರೂ 356 ಲೀಟರ್ ಡೈರಿಗೆ ಹೋಗದೆ ನಿಂತಂತಾಯಿತು. ಅನುಭವಸ್ಥರಾದ ರೈತರು ಹಸುವನ್ನು ನೋಡಿಯೇ ಇದು ಸರಿಯಲ್ಲ ಎನ್ನುವರು. ಹೊಸದಾಗಿ ಹಸು ಕಟ್ಟಿದವರು ಹಾಳೆಯನ್ನೇ ನಂಬುವರು.

ತಪ್ಪನ್ನು ಪತ್ತೆ ಮಾಡುವ ವಿಧಾನ

ನಿಮ್ಮ ಸಂಘದ ಹಾಳೆಯನ್ನು ಈಗಲೇ ತೆರೆದು ಈ ಪರೀಕ್ಷೆಗಳನ್ನು ಮಾಡಿ ನೋಡಿ.

1. ಬಲ ಯಾವುದು, ಎಡ ಯಾವುದು ನೋಡಿ. ಚೌಕದಲ್ಲಿ ನಿಜವಾದ ತಾರೀಖು ಬಲಗಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಅಕ್ಷರವಾಗಿ ಉಳಿದದ್ದು ಎಡಗಡೆಗೆ ನಿಲ್ಲುತ್ತದೆ. ಒಂದೇ ಸಾಲಿನಲ್ಲಿ ಕೆಳಗಿಳಿಯುತ್ತಾ ಬಂದಾಗ ಕೆಲವು ಬಲಕ್ಕೂ ಕೆಲವು ಎಡಕ್ಕೂ ಇದ್ದರೆ ರೋಗ ಇದೆ ಎಂದೇ ತಿಳಿಯಬೇಕು. ಯಾರಾದರೂ ಅಂದಕ್ಕಾಗಿ ಎಲ್ಲವನ್ನೂ ನಡುವಿಗೆ ತಂದಿದ್ದರೆ ಈ ಗುರುತು ಸಿಗದು. ಆದ್ದರಿಂದ ತಾರೀಖಿನ ಕಾಲಮನ್ನು ನಡುವಿಗೆ ತರಬೇಡಿ.

2. ಉಡುಪು ಬದಲಾಯಿಸಿ ನೋಡಿ. ಕಾಲಮನ್ನು ಆರಿಸಿಕೊಂಡು, ಕಂಟ್ರೋಲ್ ಕೀಲಿಯೊಡನೆ 1 ಒತ್ತಿ. ತೆರೆದ ಕಿಟಕಿಯಲ್ಲಿ ಡೇಟ್ ಎಂಬಲ್ಲಿಗೆ ಹೋಗಿ, ತಿಂಗಳ ಹೆಸರನ್ನು ಅಕ್ಷರದಲ್ಲಿ ತೋರಿಸುವ ಮಾದರಿಯನ್ನು ಆರಿಸಿ. ಜುಲೈನಲ್ಲಿ ಕೊಟ್ಟ ಸಾಲ ಫೆಬ್ರವರಿ ಎಂದು ಕಂಡರೆ ತಪ್ಪು ಅಲ್ಲೇ ಸಿಕ್ಕಿತು. ಬದಲಾಗದೆ ಹಾಗೆಯೇ ನಿಂತ ಚೌಕಗಳು ತಾರೀಖುಗಳಲ್ಲ, ಅಕ್ಷರಗಳು.

3. ಹಿಂದುಮುಂದು ನೋಡಿ. ದಿನವಹಿ ಬರೆದ ಹಾಳೆಯಲ್ಲಿ ತಾರೀಖು ಒಂದರ ಕೆಳಗೊಂದು ಏರುತ್ತಾ ಹೋಗಬೇಕು. ಜೂನ್ ತಿಂಗಳ ನಡುವೆ ಒಂದು ನವೆಂಬರ್ ಇಣುಕಿದರೆ, ಇನ್ನೂ ಬರದ ದಿನದಲ್ಲಿ ಹಣ ಜಮೆಯಾಗಿದ್ದರೆ, ಅದು ಅದಲುಬದಲಾದ ತಾರೀಖೇ ಸರಿ.

ಇನ್ನೊಂದು ಮಾತು. ಚೌಕದ ತುಂಬ ಏಣಿಯಂಥ ಗುರುತುಗಳು ಸಾಲಾಗಿ ಕಂಡರೆ ಹೆದರಬೇಡಿ. ಕಾಲಂ ಅಗಲ ಸಾಲದಿದ್ದರೆ ಹಾಗಾಗುವುದು. ಅಂಚನ್ನು ಎಳೆದು ಅಗಲ ಮಾಡಿದರೆ ಸರಿಹೋಗುವುದು. ಅಗಲ ಮಾಡಿದರೂ ಹೋಗದಿದ್ದರೆ, ದೊಡ್ಡ ತಾರೀಖನ್ನು ಚಿಕ್ಕದರಿಂದ ಕಳೆದು ಸೊನ್ನೆಗಿಂತ ಕಡಿಮೆ ಬಂದಿದೆಯೇ ಎಂದು ನೋಡಬೇಕು.

ತಪ್ಪನ್ನು ತಿದ್ದುವ ಕ್ರಮ

ಮೊದಲು ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಮೂಲವನ್ನು ಕೆಡಿಸಿಕೊಂಡು ತಿದ್ದಲು ಹೊರಡಬಾರದು. ಸಾಲುಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಹಾಕಿಕೊಳ್ಳಿ. ಕಡೆಗೆ ಹಳೆಯ ಕ್ರಮಕ್ಕೆ ತರಲು ಅದು ಬೇಕಾಗುವುದು.

ಅನಂತರ ಪಕ್ಕದ ಖಾಲಿ ಕಾಲಂನಲ್ಲಿ ಸಮ ಚಿಹ್ನೆ ಹಾಕಿ, ಈಸ್‌ನಂಬರ್ ಎಂಬ ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಆವರಣದೊಳಗೆ ತಾರೀಖಿನ ಚೌಕದ ಹೆಸರನ್ನು ಕೊಡಿ. ನಿಜವಾದ ತಾರೀಖಿಗೆ ಟ್ರೂ ಎಂದೂ ಅಕ್ಷರಕ್ಕೆ ಫಾಲ್ಸ್ ಎಂದೂ ಉತ್ತರ ಬರುವುದು. ಈ ಉತ್ತರದಂತೆ ಸಾಲುಗಳನ್ನು ವಿಂಗಡಿಸಿದರೆ ಎರಡು ಗುಂಪಾಗುತ್ತವೆ.

ಅಕ್ಷರವಾಗಿ ಉಳಿದ ಗುಂಪಿಗೆ: ಆ ಚೌಕಗಳನ್ನು ಆರಿಸಿಕೊಂಡು, ಡೇಟಾ ಎಂಬ ಪಟ್ಟಿಯಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ. ಎರಡು ಹೆಜ್ಜೆ ಮುಂದೆ ಹೋಗಿ, ಮೂರನೆಯ ಹೆಜ್ಜೆಯಲ್ಲಿ ಡೇಟ್ ಎಂಬುದನ್ನು ಆರಿಸಿ, ಪಕ್ಕದಲ್ಲಿ ಡಿ-ಎಂ-ವೈ ಎಂದು ಹೇಳಿ. ದಿನ, ತಿಂಗಳು, ವರ್ಷ ಎಂಬ ವರಸೆಯಲ್ಲಿ ಓದು ಎಂದು ಯಂತ್ರಕ್ಕೆ ಆಜ್ಞೆ ಮಾಡಿದಂತಾಯಿತು. ಅಕ್ಷರಗಳೆಲ್ಲ ತಾರೀಖುಗಳಾಗುವುವು.

ಅದಲುಬದಲಾದ ಗುಂಪಿಗೆ: ಬೇರೊಂದು ಕಾಲಂನಲ್ಲಿ =ಡೇಟ್(ಇಯರ್(ಎ2),ಡೇ(ಎ2),ಮಂತ್(ಎ2)) ಎಂಬ ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಎ2 ಎಂಬಲ್ಲಿ ನಿಮ್ಮ ತಾರೀಖಿನ ಚೌಕದ ಹೆಸರು ಬರಬೇಕು. ದಿನವಿದ್ದ ಜಾಗಕ್ಕೆ ತಿಂಗಳೂ ತಿಂಗಳಿದ್ದ ಜಾಗಕ್ಕೆ ದಿನವೂ ಬಂದು ಸರಿಯಾದ ತಾರೀಖು ಸಿಗುವುದು. ಆಮೇಲೆ ಫಲವನ್ನು ನಕಲು ಮಾಡಿ, ಬೆಲೆ ಮಾತ್ರ ಅಂಟಿಸುವ ಪೇಸ್ಟ್ ವ್ಯಾಲ್ಯೂಸ್ ವಿಧಾನದಿಂದ ಮೂಲ ಕಾಲಂಗೆ ಹಾಕಿಕೊಳ್ಳಬಹುದು.

ಎಚ್ಚರಿಕೆ: ಇದು ಎಲ್ಲ ತಾರೀಖುಗಳನ್ನೂ ತಪ್ಪು ರೂಢಿಯ ಒಂದೇ ಯಂತ್ರದಲ್ಲಿ ಬರೆದಿದ್ದಾಗ ಮಾತ್ರ ಸಲ್ಲುವುದು. ಅರ್ಧ ಒಂದು ಯಂತ್ರದಲ್ಲಿಯೂ ಅರ್ಧ ಇನ್ನೊಂದರಲ್ಲಿಯೂ ಬರೆದಿದ್ದರೆ, ಸರಿಯಿದ್ದದ್ದನ್ನೂ ಕೆಡಿಸಿದಂತಾಗುವುದು. ಅಂಥ ಸಂದರ್ಭದಲ್ಲಿ ರಸೀತಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡುವುದೇ ದಾರಿ. ಆದಕಾರಣ ಕಾಗದದ ರಸೀತಿಯನ್ನು ಕಂಪ್ಯೂಟರ್ ಬಂತೆಂದು ಎಸೆಯಬಾರದು. ರಸೀತಿಯಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯುವ ಅಭ್ಯಾಸ ಇನ್ನೂ ಒಳ್ಳೆಯದು.

ಸರ್ವೆ ನಂಬರು ತಾರೀಖಾಗುವ ವಿಚಿತ್ರ

ತಾರೀಖಲ್ಲದ್ದನ್ನೂ ತಾರೀಖೆಂದು ತಿಳಿಯುವುದು ಯಂತ್ರದ ಇನ್ನೊಂದು ಚಾಳಿ. ಸರ್ವೆ ನಂಬರ್ 12, ಹಿಸ್ಸಾ 3 ಎಂಬುದನ್ನು ನಾವು 12/3 ಎಂದು ಬರೆಯುತ್ತೇವೆ. ಚೌಕದಲ್ಲಿ ಹಾಗೆ ಒತ್ತಿದೊಡನೆ ನಮ್ಮ ರೂಢಿಯ ಯಂತ್ರ ಅದನ್ನು ಮಾರ್ಚ್ 12 ಎಂದು ಮಾಡಿಬಿಡುವುದು. ತಪ್ಪಾಯಿತೆಂದು ಉಡುಪು ಬದಲಾಯಿಸಿ ಟೆಕ್ಸ್ಟ್ ಎಂದರೆ 12/3 ಮರಳಿ ಬರುವುದಿಲ್ಲ. 2026ರಲ್ಲಿ ಬರೆದದ್ದಾದರೆ 46093 ಎಂಬ ಎಣಿಕೆ ಕಾಣುವುದು. ಯಾರ ಹೊಲ ಅದು? ಹೇಳುವವರಿಲ್ಲ. ಬೆಳೆ ಪಟ್ಟಿಯಲ್ಲಿ ಹೀಗಾದರೆ ಪಹಣಿಯೊಡನೆ ತಾಳೆಯಾಗದೆ ರೈತನ ಹೆಸರು ಬಿಟ್ಟುಹೋಗಬಹುದು. ಮನೆ ನಂಬರಿಗೂ ಇದೇ ಗತಿ.

ಇದು ಹಳ್ಳಿಯವರಿಗೆ ಮಾತ್ರ ಬಂದ ಕಷ್ಟವಲ್ಲ. ಜೀವಕೋಶದ ಜೀನುಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಸೆಪ್ಟ್1, ಮಾರ್ಚ್1 ಎಂಬ ಹೆಸರಿನ ಜೀನುಗಳನ್ನು ಎಕ್ಸೆಲ್‌ನಲ್ಲಿ ಬರೆದರೆ ಅವು ಸೆಪ್ಟೆಂಬರ್, ಮಾರ್ಚ್ ತಿಂಗಳ ತಾರೀಖುಗಳಾಗುತ್ತಿದ್ದವು. ಎಕ್ಸೆಲ್ ಜೀನುಪಟ್ಟಿಗಳನ್ನು ಜೊತೆಗಿಟ್ಟ ವಿಜ್ಞಾನ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪಿದೆ ಎಂದು 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ತೋರಿಸಿತು. ಕೊನೆಗೆ ಜೀನುಗಳಿಗೆ ಹೆಸರಿಡುವ ಸಮಿತಿಯು ಆ ಹೆಸರುಗಳನ್ನೇ ಬದಲಾಯಿಸಿತು. 2020ರಲ್ಲಿ ಅದು ಹೊರಡಿಸಿದ ನಿಯಮಾವಳಿಯಲ್ಲಿ ಈ ಮಾತು ಸೇರಿದೆ. ಯಂತ್ರವನ್ನು ಬಗ್ಗಿಸಲಾರದೆ ಹೆಸರನ್ನು ಬಗ್ಗಿಸಿದರು.

ನಾವು ಸರ್ವೆ ನಂಬರನ್ನು ಬದಲಾಯಿಸುವಂತಿಲ್ಲ. ಉಪಾಯ ಸುಲಭವಾಗಿದೆ. ಬರೆಯುವುದಕ್ಕೆ ಮುಂಚೆಯೇ ಆ ಕಾಲಮನ್ನು ಆರಿಸಿ ಅದರ ಉಡುಪನ್ನು ಟೆಕ್ಸ್ಟ್ ಎಂದು ಮಾಡಿಡಿ. ಇಲ್ಲವೆ ಪ್ರತಿ ನಂಬರಿನ ಮುಂದೆ ಒಂದು ಮೇಲು ಅಲ್ಪವಿರಾಮದ ಗುರುತನ್ನು ಒತ್ತಿ, ಆಮೇಲೆ 12/3 ಎಂದು ಬರೆಯಿರಿ. ಆ ಗುರುತು ಚೌಕದಲ್ಲಿ ಕಾಣಿಸುವುದಿಲ್ಲ. ಇದನ್ನು ಮುಟ್ಟಬೇಡ ಎಂದು ಯಂತ್ರಕ್ಕೆ ಮಾತ್ರ ತಿಳಿಯುವುದು.

ಮೊದಲೇ ಪಾಲಿಸತಕ್ಕ ನಿಯಮಗಳು

ತಿದ್ದುವುದಕ್ಕಿಂತ ತಪ್ಪದಂತೆ ನೋಡಿಕೊಳ್ಳುವುದು ಮೇಲು. ಈ ಕೆಳಗಿನ ನಿಯಮಗಳನ್ನು ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಿ.

1. ಯಂತ್ರಕ್ಕೆ ನಮ್ಮ ರೂಢಿಯನ್ನು ಕಲಿಸಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ಎಂಬಲ್ಲಿಗೆ ಹೋಗಿ, ರೀಜನಲ್ ಫಾರ್ಮ್ಯಾಟ್ ಎಂಬುದನ್ನು ಇಂಗ್ಲಿಷ್ ಇಂಡಿಯಾ ಎಂದು ಮಾಡಿ. ಗೂಗಲ್ ಶೀಟ್ಸ್‌ನಲ್ಲಿ ಈ ರೂಢಿ ಯಂತ್ರದಲ್ಲಿರದೆ ಪ್ರತಿಯೊಂದು ಕಡತದಲ್ಲಿ ಇರುತ್ತದೆ. ಫೈಲ್ ಪಟ್ಟಿಯ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಎಂಬುದನ್ನು ಇಂಡಿಯಾ ಎಂದು ಮಾಡಿ. ಹೊಸ ಯಂತ್ರ ಬಂದಾಗ, ಹೊಸ ಕಡತ ತೆರೆದಾಗ ಮೊದಲ ಕೆಲಸ ಇದೇ ಆಗಬೇಕು. ಬದಲಾಯಿಸುವುದಕ್ಕೆ ಮುಂಚೆ ತಪ್ಪಾಗಿ ಬರೆದ ತಾರೀಖುಗಳು ಇದರಿಂದ ತಾವಾಗಿ ಸರಿಹೋಗುವುದಿಲ್ಲ ಎಂಬುದು ನೆನಪಿರಲಿ.

2. ತಾರೀಖಿನ ನಡುವೆ ಚುಕ್ಕೆ ಇಡಬೇಡಿ. ಕಾಗದದಲ್ಲಿ 2.7.2025 ಎಂದು ಬರೆಯುವ ವಾಡಿಕೆ ನಮ್ಮಲ್ಲಿ ಹೆಚ್ಚು. ನಮ್ಮ ರೂಢಿಗೆ ಹೊಂದಿಸಿದ ಎಕ್ಸೆಲ್ ಕೂಡ ಅದನ್ನು ಅಕ್ಷರವೆಂದೇ ತಿಳಿಯುವುದು. ಅಡ್ಡಗೆರೆ ಅಥವಾ ಓರೆಗೆರೆ ಹಾಕಿರಿ.

3. ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆಯಿರಿ. ಎರಡೇ ಅಂಕಿ ಬರೆದರೆ ಯಾವ ಶತಮಾನವೆಂದು ಯಂತ್ರ ಊಹಿಸುತ್ತದೆ. ಅನೇಕ ಯಂತ್ರಗಳಲ್ಲಿ 29ರವರೆಗೆ 2000ದ ಈಚೆಗೂ, 30ರಿಂದ ಮೇಲೆ 1900ರ ಸಾಲಿಗೂ ಹೋಗುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಈ ಗಡಿ 49. ಹುಟ್ಟಿದ್ದು 12-6-45 ಎಂದು ಬರೆದರೆ ಒಂದು ಯಂತ್ರಕ್ಕೆ ಅವರು 1945ರಲ್ಲಿ ಹುಟ್ಟಿದ ಹಿರಿಯರು. ಇನ್ನೊಂದಕ್ಕೆ 2045ರಲ್ಲಿ ಇನ್ನೂ ಹುಟ್ಟಬೇಕಾದವರು. ವೃದ್ಧಾಪ್ಯ ವೇತನದ ಪಟ್ಟಿಯಲ್ಲಿ ಹೀಗಾದರೆ ಗತಿಯೇನು?

4. ಉಡುಪಿನಲ್ಲಿ ತಿಂಗಳ ಹೆಸರು ಇರಲಿ. 2-ಜುಲೈ-2025 ಎಂಬಂತೆ ತೋರಿಸುವ ಮಾದರಿಯನ್ನು ಇಡೀ ಕಾಲಂಗೆ ಹಾಕಿಡಿ. ಒತ್ತಿದ ಕೂಡಲೆ ತಪ್ಪು ಕಣ್ಣಿಗೆ ಬೀಳುವುದು. ಮಾದರಿಗಳ ಪಟ್ಟಿಯಲ್ಲಿ ನಕ್ಷತ್ರದ ಗುರುತುಳ್ಳವು ಯಂತ್ರದಿಂದ ಯಂತ್ರಕ್ಕೆ ವೇಷ ಬದಲಾಯಿಸುವಂಥವು. ನಕ್ಷತ್ರವಿಲ್ಲದ ಮಾದರಿಯನ್ನೇ ಆರಿಸಿಕೊಳ್ಳಿ.

5. ಇಂದಿನ ತಾರೀಖು ಬೇಕಾದಾಗ ಕಂಟ್ರೋಲ್ ಕೀಲಿಯೊಡನೆ ಅರ್ಧವಿರಾಮದ ಕೀಲಿಯನ್ನು ಒತ್ತಿ. ಆ ದಿನದ ತಾರೀಖು ಸ್ಥಿರವಾಗಿ ಕೂರುವುದು. ಟುಡೇ ಎಂಬ ಸೂತ್ರವನ್ನು ರಸೀತಿಯಲ್ಲಿ ಬಳಸಬೇಡಿ. ಅದು ದಿನದಿನವೂ ಬದಲಾಗುವ ಸೂತ್ರ. ಇಂದು ಕೊಟ್ಟ ರಸೀತಿಯನ್ನು ಮುಂದಿನ ತಿಂಗಳು ತೆರೆದರೆ ಮುಂದಿನ ತಿಂಗಳ ತಾರೀಖು ತೋರಿಸುವುದು. ಸಾಲ ಬಾಕಿ ಇಂದಿಗೆ ಎಷ್ಟು ದಿನವಾಯಿತೆಂದು ನೋಡುವುದಕ್ಕೆ ಮಾತ್ರ ಅದು ಉಚಿತ.

6. ಬಾಗಿಲಿಗೆ ಕಾವಲಿಡಿ. ಡೇಟಾ ಪಟ್ಟಿಯಲ್ಲಿ ಡೇಟಾ ವ್ಯಾಲಿಡೇಷನ್ ಎಂಬುದುಂಟು. ಅಲ್ಲಿ ಡೇಟ್ ಎಂದು ಆರಿಸಿ, ಈ ಲೆಕ್ಕದ ವರ್ಷದ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ತಾರೀಖನ್ನು ಮಾತ್ರ ಒಳಗೆ ಬಿಡು ಎಂದು ಹೇಳಬಹುದು. ಅಕ್ಷರವಾಗಿ ಉಳಿಯುವಂಥದ್ದನ್ನೂ, ವರ್ಷ ತಪ್ಪಿದ್ದನ್ನೂ ಯಂತ್ರವೇ ತಡೆದು ನಿಲ್ಲಿಸುವುದು.

ಕಡತವನ್ನು ಬೇರೆಯವರಿಗೆ ಕಳಿಸುವಾಗ

ಸಂಘದ ಲೆಕ್ಕ ಸಂಘದಲ್ಲಿಯೇ ಉಳಿಯುವುದಿಲ್ಲ. ಬ್ಯಾಂಕಿಗೆ, ಒಕ್ಕೂಟಕ್ಕೆ, ಲೆಕ್ಕ ತಪಾಸಣೆಯವರಿಗೆ ಹೋಗುತ್ತದೆ. ಅಲ್ಲಿಂದಲೂ ಕಡತಗಳು ಬರುತ್ತವೆ. ಬ್ಯಾಂಕಿನಿಂದ ಇಳಿಸಿಕೊಂಡ ಕಡತ ಹಲವು ವೇಳೆ ಸಿಎಸ್‌ವಿ ಎಂಬ ಬಗೆಯದಾಗಿರುತ್ತದೆ. ಅದರಲ್ಲಿ ಉಡುಪೂ ಇಲ್ಲ, ಎಣಿಕೆಯೂ ಇಲ್ಲ, ಬರೀ ಅಕ್ಷರಗಳು. ಅದನ್ನು ನೇರವಾಗಿ ತೆರೆದರೆ ಎಕ್ಸೆಲ್ ತನ್ನ ರೂಢಿಯಂತೆ ಓದಿಕೊಳ್ಳುವುದು. ಆದ್ದರಿಂದ ತೆರೆದೊಡನೆ ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿ, ಪಾಸ್ ಪುಸ್ತಕದ ನಾಲ್ಕಾರು ಬಾಬುಗಳೊಡನೆ ತಾಳೆ ನೋಡಿ. ತಾಳೆ ನೋಡುವಾಗ ತಿಂಗಳ ಮೊದಲ 12 ದಿನಗಳ ಬಾಬುಗಳನ್ನೇ ಆರಿಸಿಕೊಳ್ಳಿ. 25ನೆಯ ತಾರೀಖು ಸರಿಯಿದೆಯೆಂದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಮೋಸವಿರುವುದು ಆ 12 ದಿನಗಳಲ್ಲಿ.

ದೇಶದೇಶಗಳ ನಡುವೆ ಈ ಗೊಂದಲ ಬೇಡವೆಂದು 1988ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್‌ಓ 8601 ಎಂಬ ಮಾನಕವನ್ನು ಹೊರಡಿಸಿತು. ಅದರಂತೆ ಮೊದಲು ನಾಲ್ಕು ಅಂಕಿಯ ವರ್ಷ, ಅನಂತರ ಎರಡು ಅಂಕಿಯ ತಿಂಗಳು, ಕಡೆಗೆ ಎರಡು ಅಂಕಿಯ ದಿನ: 2025-07-02. ಹೀಗೆ ಬರೆದರೆ ಇಂಡಿಯಾ ರೂಢಿಯ ಯಂತ್ರವೂ ಅಮೆರಿಕಾ ರೂಢಿಯ ಯಂತ್ರವೂ ಜುಲೈ 2 ಎಂದೇ ಓದುವುವು. ಇನ್ನೊಂದು ಗುಣವೂ ಇದಕ್ಕುಂಟು. ಕಡತಗಳಿಗೆ ಹೆಸರಿಡುವಾಗ 2025-07-02-ಸಭೆ ಎಂಬಂತೆ ತಾರೀಖಿನಿಂದ ಆರಂಭಿಸಿದರೆ, ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲಾಗಿ ನಿಲ್ಲುವುವು. ಜನ ಓದುವ ಪಟ್ಟಿಗೆ ತಿಂಗಳ ಹೆಸರು, ಯಂತ್ರ ಓದುವ ಕಡತಕ್ಕೆ ವರ್ಷ ಮೊದಲು: ಈ ಎರಡು ಕ್ರಮಗಳನ್ನು ಸಂಘದ ಸಭೆಯಲ್ಲಿ ಗೊತ್ತುಮಾಡಿಕೊಂಡು ಎಲ್ಲರೂ ಒಂದೇ ರೀತಿ ನಡೆಯುವುದು ಒಳ್ಳೆಯದು.

ಅಭ್ಯಾಸ

ಕೆಳಗಿನ ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ನೀವೇ ಯೋಚಿಸಿ, ಅನಂತರ ಓದಿ.

1. ಅಮೆರಿಕಾ ರೂಢಿಯ ಎಕ್ಸೆಲ್‌ನಲ್ಲಿ 5/8/2025, 17/8/2025, 8/8/2025 ಎಂದು ಬರೆದರೆ ಒಂದೊಂದರ ಗತಿಯೇನು?

2. 2025ರ ಸೆಪ್ಟೆಂಬರ್ 1ರಂದು ಗರ್ಭಧಾರಣೆ ಆದ ಎಮ್ಮೆ ಎಂದು ಕರು ಹಾಕಬಹುದು?

3. ಸಾಲದ ಕೊನೆಯ ಕಂತಿನ ತಾರೀಖನ್ನು 31-3-32 ಎಂದು ಬರೆದಿದ್ದಾರೆ. ತಪ್ಪೇನು?

ಉತ್ತರಗಳು: (1) ಮೊದಲನೆಯದು ಮೇ 8 ಆಗುವುದು, ಎರಡನೆಯದು ಅಕ್ಷರವಾಗಿ ಉಳಿಯುವುದು, ಮೂರನೆಯದು ಸರಿಯಾಗಿಯೇ ಇರುವುದು. (2) ತಾರೀಖಿಗೆ 310 ಕೂಡಿಸಿದರೆ 2026ರ ಜುಲೈ 8ರ ಸುಮಾರು. (3) ಗಡಿ 29 ಇರುವ ಯಂತ್ರ ಅದನ್ನು 1932 ಎಂದು ತಿಳಿದು, ಸಾಲದ ಅವಧಿ ಎಂದೋ ಮುಗಿದುಹೋಯಿತು ಎಂದು ತೋರಿಸುವುದು. 31-3-2032 ಎಂದು ಪೂರ್ತಿ ಬರೆಯಬೇಕು.

ಈ ಪಾಠವನ್ನು ಓದಿದವರು ಇಂದೇ ಒಂದು ಕೆಲಸ ಮಾಡಿ. ನಿಮ್ಮ ಕಂಪ್ಯೂಟರಿನಲ್ಲಿ ಖಾಲಿ ಹಾಳೆಯೊಂದನ್ನು ತೆರೆದು 2/7/2025 ಎಂದು ಒತ್ತಿ, ತಿಂಗಳ ಹೆಸರು ತೋರಿಸುವ ಉಡುಪು ಹಾಕಿ ನೋಡಿ. ಜುಲೈ ಎಂದು ಬಂದರೆ ಯಂತ್ರ ನಮ್ಮ ರೂಢಿಯಲ್ಲಿದೆ. ಫೆಬ್ರವರಿ ಎಂದು ಬಂದರೆ ಮೊದಲು ಅದರ ರೂಢಿಯನ್ನು ಬದಲಾಯಿಸಿ, ಆಮೇಲೆ ಹಳೆಯ ಲೆಕ್ಕವನ್ನೆಲ್ಲ ರಸೀತಿಯೊಡನೆ ತಾಳೆ ನೋಡಿ, ಯಾರಿಂದಲಾದರೂ ಹೆಚ್ಚು ಬಡ್ಡಿ ಪಡೆದಿದ್ದರೆ ಮುಂದಿನ ಸಭೆಯಲ್ಲಿಯೇ ಹಿಂದಕ್ಕೆ ಕೊಡಿ.